ಜರ್ಸಿ ಕೊಬ್ಬು, ಖಿಲಾರಿ ಬೆಲೆ

ದನವನ್ನು ಒಳಗಿನಿಂದ ನಾನು ಮೊದಲ ಸಲ ನೋಡಿದ್ದು ಲಂಡನ್ನಿನಲ್ಲಿ. ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಹೊರಗಿನ ದನ: ಕೊಂಬು, ಡುಬ್ಬ, ಗಂಗೆದೊಗಲು, ಹಲ್ಲು, ಮೈಮೇಲಿನ ಸುಳಿ, ನಡಿಗೆ. ಇಷ್ಟು ನೋಡಿ ಬೆಲೆ ಹೇಳುವ ಮನೆತನ ನಮ್ಮದು. ವಿಜಾಪುರದ ಕಡೆಯ ಸಂತೆಗಳಲ್ಲಿ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ದನದ ದಲ್ಲಾಳಿ. ಟವೆಲ್ಲಿನ ಕೆಳಗೆ ಕೈಯೊಳಗೆ ಕೈ ಇಟ್ಟು ಬೆರಳಿನಿಂದ ಬೆಲೆ ಮಾತಾಡುವುದನ್ನು ನನಗೆ ಕಲಿಸಿದವನು ಅವನೇ. ಅಂಥ ನಾನು ಎರಡು ಸಾವಿರದ ಇಸವಿಯ ಚಳಿಗಾಲದಲ್ಲಿ, ಹೌನ್ಸ್ಲೋದ ಆಚೆ, ವಿಮಾನಗಳು ತಲೆ ಸವರಿಕೊಂಡು ಇಳಿಯುವ ಜಾಗದ ಒಂದು ಗೋದಾಮಿನಲ್ಲಿ ಕೆಲಸ ಕೇಳಲು ಹೋದೆ.

ಬಾಗಿಲು ಅಂದರೆ ದಪ್ಪನೆಯ ಪ್ಲಾಸ್ಟಿಕ್ ಪಟ್ಟಿಗಳ ಪರದೆ. ಸರಿಸಿ ಒಳಗೆ ಕಾಲಿಟ್ಟರೆ ಉಸಿರು ಹೊಗೆಯಾಯಿತು. ಉಕ್ಕಿನ ಮೇಜುಗಳ ಮೇಲೆ, ನೀಲಿ ಟ್ರೇಗಳಲ್ಲಿ, ಕೊಬ್ಬು. ಬರೀ ಕೊಬ್ಬು. ಕೆಲವು ಟ್ರೇಗಳಲ್ಲಿ ಸುಣ್ಣದಷ್ಟು ಬಿಳಿ, ಕೆಲವುಗಳಲ್ಲಿ ಅರಿಸಿನ ಕಲಸಿದ ಹಾಗೆ ಹಳದಿ. ಕೊಂಬಿಲ್ಲ, ತೊಗಲಿಲ್ಲ, ಹೆಸರಿಲ್ಲ. ಯಾವ ದನದ ಮುಂದೆ ನಿಂತಿದ್ದೇನೆಂದು ಹೇಳಲು ಒಂದು ಗುರುತೂ ಇರಲಿಲ್ಲ.

ಹೇಸಿಗೆಯಾಗುತ್ತದೆ ಎಂದು ಜೇಬಿನಲ್ಲಿ ಲವಂಗ ಇಟ್ಟುಕೊಂಡು ಹೋಗಿದ್ದೆ. ಆಗಲಿಲ್ಲ. ಆ ಚಳಿಯಲ್ಲಿ ವಾಸನೆಯೂ ಹುಟ್ಟುವುದಿಲ್ಲ. ಮೊಟ್ಟೆಯನ್ನೂ ಹೊಸ್ತಿಲ ಒಳಗೆ ತರದ ಮನೆಯಲ್ಲಿ ಬೆಳೆದವನಿಗೆ ಏನಾದರೂ ಅನ್ನಿಸಬೇಕಿತ್ತು. ಏನೂ ಅನ್ನಿಸಲಿಲ್ಲ. ಅನ್ನಿಸಲಿಲ್ಲವಲ್ಲ ಎಂದು ಹೆದರಿಕೆಯಾದರೂ ಆಗಬೇಕಿತ್ತು, ಅದೂ ಆಗಲಿಲ್ಲ. ಕೋಟು, ಬಿಳಿ ಬೂಟು, ತಲೆಗೆ ಜಾಳಿಗೆ ಕೊಟ್ಟರು. ಹಾಕಿಕೊಂಡೆ.

ನಾನು ಈ ದೇಶಕ್ಕೆ ಬಂದದ್ದು ಹೆಂಡತಿ ಗಿರಿಜಾಳ ಹಿಂದೆ. ಅವಳು ನರ್ಸ್. ಇಲ್ಲಿನ ಆಸ್ಪತ್ರೆಯವರು ಕರೆಸಿಕೊಂಡರು. ನನಗೆ ಕಾಗದ ಓದುವಷ್ಟು ಇಂಗ್ಲಿಷ್ ಇತ್ತು, ಮಾತಾಡುವಷ್ಟು ಇರಲಿಲ್ಲ. ಕೊಬ್ಬಿನ ಗೋದಾಮಿನಲ್ಲಿ ಮಾತು ಕಡಿಮೆ ಎಂದು ಏಜೆನ್ಸಿಯವನು ಹೇಳಿದ, ನಾನು ಹೂಂ ಅಂದೆ. ಸಂಜೆ ಗಿರಿಜಾಗೆ ಹೇಳಿದಾಗ ಅವಳು ಕೂಗಾಡಲಿಲ್ಲ. ರೊಟ್ಟಿ ತಟ್ಟುತ್ತಾ, ಹಂಚಿನಿಂದ ಕಣ್ಣು ತೆಗೆಯದೆ ಅಂದಳು:

"ಕೈ ಮುಟ್ಟಲಿ. ಕೈ ತೊಳಕೋಬಹುದು. ಬಾಯಿ ಮಾತ್ರ ಮುಟ್ಟಬಾರದು ನೋಡ್ರಿ. ಬಾಯಿ ಹೆಂಗ ತೊಳೀತೀರಿ?"

"ಯಾರ ತಿನ್ನು ಅಂದಾರ ನನಗ?"

"ಯಾರೂ ಅಂದಿಲ್ಲ. ಅಂದ್ರ ಅಂತ ಹೇಳಾಕತ್ತೀನಿ. ಆ ಕೆಲಸದ ಅರಿವಿ ಅಂಗಿ ಬಾಗಿಲದಾಗ ಬಿಡ್ರಿ, ಹಿಟ್ಟಿನ ಡಬ್ಬಿಗೆ ಕೈ ಹಚ್ಚಬ್ಯಾಡ್ರಿ. ಅಷ್ಟ."

ಅಷ್ಟೇ ಒಪ್ಪಂದ. ಲಂಡನ್ನಿನಲ್ಲಿ ನಾನು ಎಷ್ಟೋ ಕರಾರಿಗೆ ಸಹಿ ಮಾಡಿದ್ದೇನೆ. ಸಹಿ ಇಲ್ಲದ ಈ ಒಂದನ್ನು ಮುರಿಯಲು ಮಾತ್ರ ನನ್ನ ಬಳಿ ಯಾವ ಉಪಾಯವೂ ಇರಲಿಲ್ಲ.

ಹೊಸದಾಗಿ ಬರುವವರಿಗೆ ಮನೆಯ ವಿಷಯ ಒಂದು ಮಾತು. ಬಾಡಿಗೆ ಮನೆ ನೋಡಲು ಬಿಸಿಲಿರುವ ದಿನ ಹೋಗಬೇಡಿ. ಜೋರು ಮಳೆಯ ದಿನ ಹೋಗಿ. ಸೋರುವ ಮೂಲೆ ತಾನೇ ತೋರಿಸಿಕೊಳ್ಳುತ್ತದೆ, ಮಾಲೀಕನ ಬಾಯಿಯೂ ಮೆತ್ತಗಾಗುತ್ತದೆ. ಒದ್ದೆ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಬೆರಳಿನಿಂದ ಒತ್ತಿ. ನಮ್ಮ ಮೊದಲ ಕೋಣೆ ಹೌನ್ಸ್ಲೋದಲ್ಲಿ. ಅಲ್ಲಿ ಅಡುಗೆಮನೆಯನ್ನು ಪೋಲೆಂಡಿನ ಹುಡುಗರ ಜೊತೆ ಹಂಚಿಕೊಂಡಿದ್ದೆವು. ಅವರ ಬಾಣಲೆ ಬಲಗಡೆ, ನಮ್ಮ ಹಂಚು ಎಡಗಡೆ. ಊರಲ್ಲಿ ಗೋಡೆ ಕಟ್ಟಿ ಮಾಡುವುದನ್ನು ಇಲ್ಲಿ ಅಲಮಾರಿನ ಎರಡು ಅಂತಸ್ತು ಮಾಡುತ್ತವೆ. ಆಮೇಲೆ ರೇನರ್ಸ್ ಲೇನಿನಲ್ಲಿ ಒಂದು ಫ್ಲಾಟ್ ಹಿಡಿದೆವು. ಕೆಳಗೆ ಗುಜರಾತಿಯವನ ಕಿರಾಣಿ ಅಂಗಡಿ. ಅವನ ಹತ್ತಿರ ಜೋಳದ ಹಿಟ್ಟು ತರಿಸಲು ನಾನು ಪಟ್ಟ ಪಾಡು ಬೇರೆಯೇ. ಮೂರು ಮನೆಯ ಕನ್ನಡದವರನ್ನು ಸೇರಿಸಿ, ಪೂರ್ತಿ ಮೂಟೆ ನಾವೇ ಎತ್ತುತ್ತೇವೆ ಎಂದು ಮಾತು ಕೊಟ್ಟ ಮೇಲೆ ತರಿಸಿದ. ಇಲ್ಲಿ ಒಬ್ಬನಾಗಿ ಕೇಳಿದರೆ ಇಲ್ಲ ಅನ್ನುತ್ತಾರೆ. ಮೂಟೆಯಾಗಿ ಕೇಳಬೇಕು.

ಗೋದಾಮಿನಲ್ಲಿ ನನ್ನ ಮೇಲಿದ್ದವನು ಡೆರೆಕ್. ಕೆಂಪು ಮುಖದ, ಅಗಲ ಹೆಗಲಿನ ಫೋರ್‌ಮನ್. ಎಲ್ಲರಿಗೂ 'ಮೇಟ್' ಅನ್ನುತ್ತಿದ್ದ. ಮೇಟ್ ಅಂದರೆ ಗೆಳೆಯ. ಆದರೆ ಇಲ್ಲಿ ಕೆಲಸ ಕೊಡುವಾಗಲೂ ಮೇಟ್, ಕೆಲಸದಿಂದ ತೆಗೆಯುವಾಗಲೂ ಮೇಟ್. ನಂಬಿ ಮೋಸ ಹೋಗಬೇಡಿ.

ನಮ್ಮ ಗೋದಾಮಿನ ಮುಖ್ಯ ಸರಕು ಸೂಯೆಟ್. ದನದ ಮೂತ್ರಪಿಂಡದ ಸುತ್ತ ಕಟ್ಟಿಕೊಳ್ಳುವ ಗಟ್ಟಿ ಕೊಬ್ಬು ಅದು. ತುರಿದು ಹಿಟ್ಟಿಗೆ ಕಲಸಿ, ಇವರ ಕಡುಬಿನಂಥ ಪೈ ಮಾಡುತ್ತಾರೆ. ಪೈ ಮಾಡುವವರಿಗೆ ಬೇಕಾದದ್ದು ಬಿಳಿಯ, ಪುಡಿಪುಡಿಯಾಗುವ, ಗಟ್ಟಿ ಕೊಬ್ಬು. ಮೆತ್ತಗಿದ್ದರೆ ಹಿಟ್ಟಿಗೆ ಮೆತ್ತಿಕೊಂಡು ಪದರ ಬಿಡುವುದಿಲ್ಲ. ಎಲ್ಲ ಕಡೆಯ ಮಾಲು ಸೇರಿ ಬರುತ್ತಿತ್ತು. ಪೆಟ್ಟಿಗೆಯ ಮೇಲೆ ತೂಕ ಇರುತ್ತಿತ್ತು, ತಳಿ ಇರುತ್ತಿರಲಿಲ್ಲ. ಡೆರೆಕ್ ಒಂದೊಂದು ಪೆಟ್ಟಿಗೆಯಿಂದ ಚೂರು ತೆಗೆದು ಕೆಳತುಟಿಗೆ ಒತ್ತಿ ನೋಡಿ, ಗಟ್ಟಿ ಒಂದು ಕಡೆ, ಮೆತ್ತಗಿನದು ಇನ್ನೊಂದು ಕಡೆ ಮಾಡುತ್ತಿದ್ದ. ನಾನು ಪೆಟ್ಟಿಗೆ ಎತ್ತುವವನು.

ಎತ್ತುತ್ತಾ ಎತ್ತುತ್ತಾ ನನಗೆ ನಮ್ಮ ಅವ್ವನ ತುಪ್ಪದ ಗಡಿಗೆಗಳು ನೆನಪಾದವು. ಮನೆಯಲ್ಲಿ ಒಂದು ಆಕಳು, ಒಂದು ಎಮ್ಮೆ. ಒಂದೇ ಹುಲ್ಲು, ಒಂದೇ ಜೋಳದ ಕಣಿಕೆ. ಆಕಳ ತುಪ್ಪ ಹಳದಿ, ಎಮ್ಮೆಯದು ಬಿಳಿ. ಎಮ್ಮೆ ತುಪ್ಪ ಚಳಿಗೆ ಗಡಿಗೆಯಲ್ಲಿ ಕಲ್ಲಾದರೆ ಆಕಳದು ಬೆರಳಿಗೆ ಬರುತ್ತಿತ್ತು. ಅಂದರೆ ತಿನ್ನುವ ಮೇವಿನಷ್ಟೇ ತಿನ್ನುವ ಪ್ರಾಣಿಯದೂ ನಡೆಯುತ್ತದೆ. ಇಲ್ಲಿ ಎಮ್ಮೆ ಇಲ್ಲ, ಎಲ್ಲವೂ ಆಕಳ ಜಾತಿ. ಆದರೂ ತಳಿ ತಳಿಗೆ ಅದೇ ಲೆಕ್ಕ. ಜರ್ಸಿ ಅಂದರೆ ನಮ್ಮೂರಲ್ಲಿ ಹೆಚ್ಚು ಹಾಲು ಕೊಡುವ ಕಂದು ಆಕಳು. ಇಲ್ಲಿ ಆ ಜರ್ಸಿ ಮುದಿಯಾಗಿ ಮಾಂಸಕ್ಕೆ ಬಂದಾಗ ಅದರ ಕೊಬ್ಬು ಬೆಣ್ಣೆಯ ಹಾಗೆ ಹಳದಿ. ಹುಲ್ಲಿನ ಬಣ್ಣವನ್ನು ಅದು ಕರಗಿಸದೆ ಕೊಬ್ಬಿನಲ್ಲೇ ಇಟ್ಟುಕೊಳ್ಳುತ್ತದೆ. ಅದರಲ್ಲಿ ಎಣ್ಣೆಯ ಅಂಶವೂ ಜಾಸ್ತಿ, ಬೆರಳ ಬಿಸಿಗೇ ಕರಗುತ್ತದೆ. ಹಾಲಿನ ತಳಿಗಳು ಕೊಬ್ಬನ್ನು ಹೊಟ್ಟೆಯೊಳಗೆ ಬಚ್ಚಿಡುತ್ತವೆ, ಮಾಂಸದ ತಳಿಗಳು ತೊಗಲಿನ ಕೆಳಗೆ ಹೊದ್ದುಕೊಳ್ಳುತ್ತವೆ. ಸ್ಕಾಟ್ಲೆಂಡಿನ ಕರಿಯ ಆಂಗಸ್ ಬೇಗ ಮೈ ತುಂಬಿ, ಮಾಂಸದ ಎಳೆಗಳ ನಡುವೆಯೂ ಬಿಳಿ ಗೆರೆ ಹರಡಿಕೊಳ್ಳುತ್ತದೆ. ಫ್ರಾನ್ಸಿನ ದೊಡ್ಡ ಬಿಳಿ ದನಗಳಲ್ಲಿ ಮಾಂಸ ಬಹಳ, ಕೊಬ್ಬು ಕಡಿಮೆ. ನಮ್ಮ ಖಿಲಾರಿ ಎತ್ತನ್ನು ಇವರ ಮುಂದೆ ತಂದರೆ ಕೊಬ್ಬಿನವನು ಕೈಯಾಡಿಸಿ ಕಳಿಸಿಬಿಟ್ಟಾನು. ಅದು ಓಡಲು ಹುಟ್ಟಿದ್ದು.

ಬಣ್ಣ ನೋಡಿದರೆ ಸಾಲದೇ ಅಂತ ನೀವು ಕೇಳಬಹುದು. ಸಾಲದು. ವರ್ಷಗಟ್ಟಲೆ ಹಸಿ ಹುಲ್ಲು ಮೇಯ್ದ ಯಾವ ಮುದಿ ಆಕಳ ಕೊಬ್ಬೂ ಹಳದಿಯಾಗುತ್ತದೆ, ಆದರೆ ಗಟ್ಟಿ ಇರಬಹುದು. ಕಾಳು ತಿನ್ನಿಸಿ ಬೆಳೆಸಿದ ಜರ್ಸಿ ಮಿಶ್ರತಳಿಯದು ಬೆಳ್ಳಗಿದ್ದೂ ಮೆತ್ತಗಿರಬಹುದು. ಕಣ್ಣಿಗೆ ಸುಳ್ಳು ಹೇಳಬಹುದು, ಚರ್ಮಕ್ಕೆ ಆಗದು. ಇದು ತಿಳಿದ ಮೇಲೆ ಒಂದು ಮಧ್ಯಾಹ್ನ ಡೆರೆಕ್‌ಗೆ, ಈ ಕೆಲಸ ನನಗೂ ಬರುತ್ತದೆ ಅಂದೆ. ನಕ್ಕ. ಹೆಬ್ಬೆರಳು ತೋರುಬೆರಳ ನಡುವೆ ಚೂರುಗಳನ್ನು ತಿಕ್ಕಿ ಬೇರೆ ಮಾಡಿ ತೋರಿಸಿದೆ. ಸಂಬಳ ಹೆಚ್ಚಿಸು ಎಂದು ಕೇಳಲಿಲ್ಲ. ಬೆಳಗಿನ ಪಾಳಿ ಕೇಳಿದೆ. ಚೌಕಾಸಿಯಲ್ಲಿ ಎದುರಿನವನಿಗೆ ಖರ್ಚಾಗದ್ದನ್ನು ಮೊದಲು ಕೇಳಬೇಕು. ಸಂಬಳ ಹಿಂದಿನಿಂದ ತಾನೇ ಬರುತ್ತದೆ. ಬಂತು. ಆ ಸಂಬಳ ನೋಡಿಯೇ ನಾವು ರೇನರ್ಸ್ ಲೇನಿನ ಫ್ಲಾಟ್ ಹಿಡಿದದ್ದು.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. ನಮ್ಮವರು ಬಂದ ಹೊಸದರಲ್ಲಿ ಆಲೂಗಡ್ಡೆ ಚಿಪ್ಸ್ ಸಸ್ಯಾಹಾರವೇ ಎಂದು ಧೈರ್ಯವಾಗಿ ತಿನ್ನುತ್ತಾರೆ. ಯಾವುದರಲ್ಲಿ ಕರಿದದ್ದು ಎಂದು ಕೇಳಿ. ಕೆಲವು ಅಂಗಡಿಗಳಲ್ಲಿ ಕರಿಯುವುದು ಡ್ರಿಪಿಂಗಿನಲ್ಲಿ, ಅಂದರೆ ದನದ ಕೊಬ್ಬು ಕರಗಿಸಿದ ಎಣ್ಣೆಯಲ್ಲಿ. ಕೇಳಿದರೆ ಅವರು ಮುಚ್ಚಿಡುವುದಿಲ್ಲ. ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ.

ಮೂರನೆಯದೋ ನಾಲ್ಕನೆಯದೋ ಚಳಿಗಾಲಕ್ಕೆ ನನ್ನ ಬೆರಳುಗಳು ಹೋದವು. ಮೊದಲು ತುದಿ ಬೆಳ್ಳಗಾಗುತ್ತಿತ್ತು, ಮನೆಗೆ ಬಂದು ಬಿಸಿನೀರಿಗೆ ಹಿಡಿದರೆ ಚುಚ್ಚಿಕೊಂಡು ಜೀವ ಬರುತ್ತಿತ್ತು. ಬರುಬರುತ್ತಾ ಚುಚ್ಚುವುದೂ ನಿಂತಿತು. ಜಿಪಿ, ಅಂದರೆ ಇಲ್ಲಿ ಪ್ರತಿ ಮನೆಗೂ ಗೊತ್ತುಮಾಡಿಕೊಟ್ಟ ಡಾಕ್ಟರು, ಸೂಜಿಯ ತುದಿ ತಾಗಿಸಿ "ತಿಳಿಯುತ್ತಾ?" ಎಂದು ಕೇಳಿದರು. ನಾನು ಸೂಜಿಯನ್ನು ನೋಡಿ ಹೂಂ ಅಂದೆ. ಅವರು ನನ್ನ ಮುಖ ಆಚೆ ತಿರುಗಿಸಿ ಮತ್ತೆ ಕೇಳಿದರು. ಸೂಜಿ ತಾಗಿತೋ ಇಲ್ಲವೋ ತಿಳಿಯಲಿಲ್ಲ. ಚಳಿಯ ಕೆಲಸ ಬಿಡಿ ಅಂದರು. ಕೈಗವಸಿನೊಳಗೆ ಉಣ್ಣೆಯದು ಇನ್ನೊಂದು ಹಾಕಿಕೊಳ್ಳಿ ಎಂದು ನಿಮಗೆ ಹೇಳುತ್ತೇನೆ. ನನಗೆ ಯಾರೂ ಹೇಳಲಿಲ್ಲ, ಹೇಳಿದ್ದರೂ ಕೊಬ್ಬು ತಿಕ್ಕಲು ನಾನು ಗವಸು ತೆಗೆಯುತ್ತಲೇ ಇರುತ್ತಿದ್ದೆ.

ಆ ವರ್ಷ ಗಿರಿಜಾ ಹೆರಿಗೆ ರಜೆಯಲ್ಲಿದ್ದಳು, ಮಗ ಹುಟ್ಟಿದ್ದ. ಮನೆ ನಿಂತಿದ್ದು ಹೆಚ್ಚಾಗಿ ನನ್ನ ದುಡಿಮೆಯ ಮೇಲೆ. ಅದೇ ಹೊತ್ತಿಗೆ ನಾನು ಗಟ್ಟಿ ಎಂದು ಕಳಿಸಿದ ಮಾಲು ಪೈಯವರ ಹತ್ತಿರ ಮೆತ್ತಗಾಗಿ, ಲಾರಿಯಲ್ಲಿ ವಾಪಸು ಬಂತು. ಡೆರೆಕ್ ನನ್ನ ಕೈ ಹಿಡಿದು ತಿರುಗಿಸಿ ನೋಡಿದ. ಮೇಣದಬತ್ತಿಯಂತಿದ್ದ ಬೆರಳು. ಅವನು ಆಡಿದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಎಷ್ಟು ದಿನದಿಂದ ಹಿಂಗೆ, ಮಲ್?" ಮಲ್ಲಪ್ಪ ಅವನ ಬಾಯಲ್ಲಿ ಮಲ್.

"ಸ್ವಲ್ಪ ದಿನ."

"ಬೆರಳು ಬಿಡು. ತುಟಿಗೆ ಹಚ್ಚು, ನನ್ನ ಹಾಗೆ. ತುಟಿಗೆ ಯಾವ ಚಳಿಯೂ ತಟ್ಟಲ್ಲ."

"ಆಗಲ್ಲ."

"ನುಂಗು ಅಂತ ಯಾರು ಹೇಳಿದ್ರು? ಹಚ್ಚು, ಒರೆಸ್ಕೋ. ನಿನ್ನ ದೇವರು ಅಷ್ಟು ಹತ್ತಿರದಿಂದ ನೋಡ್ತಾನಾ?"

"ದೇವರಲ್ಲ, ಹೆಂಡತಿ."

ಡೆರೆಕ್ ಜೋರಾಗಿ ನಕ್ಕ. ನಕ್ಕು ಮುಗಿದ ಮೇಲೆ ಹೇಳಿದ್ದು ಮಾತ್ರ ನಗೆಯದಲ್ಲ. "ಸೋಮವಾರ ಮೂರು ಟ್ರೇ ಇಡ್ತೀನಿ, ಮೇಟ್. ಹೆಂಗಾದ್ರೂ ಹೇಳು. ಹೇಳಕ್ಕಾಗ್ಲಿಲ್ಲ ಅಂದ್ರೆ ಈ ಕೆಲಸ ಬೇರೆಯವರಿಗೆ."

ಬಸ್ಸಿನಲ್ಲಿ ಕೂತು ಕೆಳತುಟಿಯನ್ನು ನಾಲಗೆಯಿಂದ ಸವರಿ ನೋಡಿಕೊಂಡೆ. ಅಲ್ಲಿ ಎಲ್ಲವೂ ತಿಳಿಯುತ್ತಿತ್ತು. ಕಿಟಕಿಯ ಸಂದಿನ ಗಾಳಿ, ಒಣಗಿದ ಸಿಪ್ಪೆ, ಉಪ್ಪು. ಹಚ್ಚಿದರೆ ಯಾರಿಗೂ ಗೊತ್ತಾಗುವುದಿಲ್ಲ. ಊರಲ್ಲಾದರೆ ನಾಲ್ಕು ಜನ ನೋಡುತ್ತಾರೆ ಎಂದು ಮನುಷ್ಯ ಸರಿಯಾಗಿರುತ್ತಾನೆ. ಇಲ್ಲಿ ನೋಡುವವರೇ ಇಲ್ಲ. ಹಾಗಾದರೆ ಯಾಕೆ ಬೇಡ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಬೇಡ ಎನ್ನುವುದು ಮಾತ್ರ ಹಾಗೆಯೇ ಇತ್ತು.

ಮನೆಯಲ್ಲಿ ಗಿರಿಜಾ ಮಗನಿಗೆ ನೀರು ಹಾಕಲು ಟಬ್ಬಿಗೆ ಬಿಸಿನೀರು ಬೆರೆಸುತ್ತಿದ್ದಳು. ಬಾಗಿಲಲ್ಲೇ ನಿಂತು, ಬಟ್ಟೆ ಚೀಲಕ್ಕೆ ಹಾಕುತ್ತಾ, ಡೆರೆಕ್ ಹೇಳಿದ್ದನ್ನು ಹೇಳಿದೆ.

"ತುಟಿಗೆ?" ಅಂದಳು.

"ತುಟಿಗೆ. ಹಚ್ಚಿ ಒರೆಸ್ಕೊಂಡ್ರ ಆತಂತ."

"ಆತಂತ! ಅವಂಗೇನು ಹೋಗೂದೈತಿ?" ಅವಳು ತೋಳೇರಿಸಿ ಮೊಣಕೈಯನ್ನು ನೀರಿಗೆ ಅದ್ದಿದಳು. ತಣ್ಣೀರು ಸ್ವಲ್ಪ ಬಿಟ್ಟಳು, ಮತ್ತೆ ಅದ್ದಿದಳು. ಆಮೇಲೆ ತಲೆ ಎತ್ತಿ ನನ್ನನ್ನೇ ನೋಡಿದಳು. "ನಾ ಈಗ ಏನ್ ಮಾಡ್ದೆ?"

"ನೀರು ನೋಡಿದಿ."

"ಯಾವುದ್ರಲೆ ನೋಡ್ದೆ?"

ನಾನು ಅವಳ ಒದ್ದೆ ಮೊಣಕೈ ನೋಡಿದೆ.

"ಭಾಂಡಿ ತಿಕ್ಕಿ ತಿಕ್ಕಿ ನನ್ನ ಕೈಗೂ ಏನೂ ತಿಳಿಯಂಗಿಲ್ರಿ. ಕೂಸಿನ ನೀರು ಕೈಲೆ ನೋಡಿದ್ರ ಕೂಸು ಬೇಯ್ತೈತಿ. ನಮ್ಮವ್ವ ಮೊಣಕೈಲೆ ನೋಡ್ತಿದ್ಲು, ನಾನೂ ಅದರಲೇ ನೋಡ್ತೀನಿ. ದನದ ವ್ಯಾಪಾರದವ್ರು ಬೆರಳು ಬಿಟ್ಟು ಮೈಯಾಗ ಬ್ಯಾರೆ ಏನೂ ಇಲ್ಲ ಅಂದ್ಕೊಂಡೀರೇನು?"

ಅವತ್ತು ಮಗನಿಗೆ ನೀರು ಹಾಕುವಾಗ ನಾನೂ ತೋಳೇರಿಸಿದೆ. ಮೊಣಕೈಯ ಒಳಮಡಿಕೆಗೆ ನೀರು ಬೆಚ್ಚಗೆ ತಾಗಿತು. ಬಹಳ ದಿನದ ಮೇಲೆ ಏನೋ ತಾಗಿದ್ದು ಅಷ್ಟೇ. ಸಂತೋಷ ಅನ್ನಲಾರೆ.

ಸೋಮವಾರ ಮೂರು ಟ್ರೇಗಳಿದ್ದವು, ಮೂರೂ ಹೆಚ್ಚುಕಮ್ಮಿ ಒಂದೇ ಬಿಳಿ. ನಾನು ಕೋಟಿನ ತೋಳು ಮಡಚುವುದನ್ನು ಡೆರೆಕ್ ಬಾಯಿ ತೆರೆದು ನೋಡಿದ. ಮೊದಲ ಚೂರನ್ನು ಮೊಣಕೈ ಮಡಿಕೆಗೆ ಇಟ್ಟು ಕೈ ಮಡಚಿದೆ. ಮೇಣದ ಹಾಗೆ ಕೂತಿತು. ಎರಡನೆಯದೂ ಅಂಚು ಬಿಡದೆ ಕೂತಿತು. ಮೂರನೆಯದು ಉಸಿರು ಬಿಡುವಷ್ಟರಲ್ಲಿ ಅಂಚು ಜಾರಿ ಎಣ್ಣೆಯಾಗಿ ಮೊಣಕೈಯಿಂದ ಕೆಳಗೆ ಇಳಿಯಿತು.

"ಇದು ಜರ್ಸಿ," ಅಂದೆ. "ಕಾಳು ತಿಂದದ್ದು, ಅದಕ್ಕೇ ಬಿಳಿ."

ಡೆರೆಕ್ ತನ್ನ ತುಟಿಯಿಂದ ಪರೀಕ್ಷೆ ಮಾಡಿ, ಒರೆಸಿಕೊಂಡು, ಮೂರನೆಯ ಟ್ರೇಯನ್ನು ಮೆತ್ತಗಿನದರ ಕಡೆ ತಳ್ಳಿ ಹೋದ. ಮಧ್ಯಾಹ್ನದ ಹೊತ್ತಿಗೆ ಗೋದಾಮಿನಲ್ಲೆಲ್ಲ ನನ್ನ ಹೆಸರು 'ಎಲ್ಬೋ', ಅಂದರೆ ಮೊಣಕೈ, ಆಗಿತ್ತು. ಕೆಲಸ ಉಳಿಯಿತು. ಈಗಲೂ ನನ್ನ ಎಲ್ಲ ಅಂಗಿಗಳ ಎಡತೋಳು ಬಲತೋಳಿಗಿಂತ ಮೊದಲು ಹಳೆಯದಾಗುತ್ತದೆ.

ಎರಡು ವರ್ಷ ಕಳೆದು ಊರಿಗೆ ಹೋದೆ. ಮನೆಗೆ ಎತ್ತಿನ ಜೋಡಿ ಕೊಳ್ಳುವುದಿತ್ತು. ಕಾಕಾ ನನ್ನನ್ನೂ ಸಂತೆಗೆ ಹೊರಡಿಸಿದ. ದಾರಿಯಲ್ಲಿ ಕೇಳಿದ:

"ಲೇ ಮಲ್ಲ್ಯಾ, ಥಂಡಿ ಗೋದಾಮದಾಗ ಏನ್ ಇಡ್ತಾರೋ?"

ಸುತ್ತಿ ಬಳಸಿ ಹೇಳುವ ಶಕ್ತಿ ಇರಲಿಲ್ಲ. "ದನದ ಕೊಬ್ಬು," ಅಂದೆ. "ಯಾವ ತಳೀದು ಅಂತ ನಾ ನೋಡಿ ಹೇಳ್ತೀನಿ."

ಕಾಕಾ ಟವೆಲ್ಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. ಬೈಯುತ್ತಾನೆ ಎಂದು ಕಾದೆ. "ನಾವರ ಇಷ್ಟು ವರ್ಷ ಮಾರಿದ ಮುದಿ ದನ ಎಲ್ಲಿಗೆ ಹೋದೂವು ಅಂತ ಎಂದಾದ್ರೂ ಕೇಳೀವೇನು?" ಅಂದ. ಸ್ವಲ್ಪ ದೂರ ಹೋಗಿ, "ನಿಮ್ಮವ್ವಗ ಮಾತ್ರ ಹೇಳಬ್ಯಾಡ," ಅಂದ. ಅಷ್ಟಕ್ಕೆ ಆ ಮಾತು ಮುಗಿಯಿತು.

ಸಂತೆಯಲ್ಲಿ ಒಂದು ಖಿಲಾರಿ ಜೋಡಿ ಅವನ ಕಣ್ಣಿಗೆ ಬಿತ್ತು. ಬಿಳಿ ಮೈ, ಹಿಂದಕ್ಕೆ ಬಾಗಿದ ಕೊಂಬು, ಹಿಡಿಯಷ್ಟು ಹೊಟ್ಟೆ. ಬಾಲದ ಬುಡದಲ್ಲಿ ಕೈಯಾಡಿಸಿ ಕೊಬ್ಬು ಹುಡುಕಿದೆ. ಗೋದಾಮಿನ ಚಟ. ಕೈಗೆ ಏನೂ ತಿಳಿಯಲಿಲ್ಲ. ಅಲ್ಲಿ ಕೊಬ್ಬು ಇರಲೂ ಇಲ್ಲ, ಇದ್ದಿದ್ದರೂ ತಿಳಿಯುತ್ತಿರಲಿಲ್ಲ. ಮಾರುವವನ ಕಡೆಯ ದಲ್ಲಾಳಿ ಟವೆಲ್ ಬಿಚ್ಚಿದ. ಕಾಕಾ ಹಿಂದೆ ಸರಿದು ನನ್ನನ್ನು ಮುಂದೆ ತಳ್ಳಿದ. "ನಮ್ಮ ಹುಡುಗ ಮಾತಾಡ್ತಾನ. ಲಂಡನ್‌ದಾಗ ಇದ್ರೂ ಕೈ ನಂದ."

ನಮ್ಮ ಕಡೆ ಈ ವ್ಯವಹಾರದಲ್ಲಿ ಬಾಯಿ ತೆರೆಯುವಂತಿಲ್ಲ. ಹತ್ತು ಸಾವಿರದ ಲೆಕ್ಕ ಇಬ್ಬರಿಗೂ ಗೊತ್ತಿರುತ್ತದೆ; ಅದರ ಮೇಲೆ ಹಿಡಿದಷ್ಟು ಬೆರಳು ಸಾವಿರ, ಒತ್ತಿದಷ್ಟು ಗೆಣ್ಣು ನೂರು. ಸುತ್ತ ನಿಂತವರಿಗೆ ಏನೂ ತಿಳಿಯಬಾರದು, ಮುಖದ ಮೇಲೆ ಏನೂ ಕಾಣಬಾರದು. ನೊಣ ಕೂತರೂ ಮುಖ ಅಲುಗಿಸದ ದಲ್ಲಾಳಿಗಳನ್ನು ಕಂಡಿದ್ದೇನೆ. ಮುಖದ ಕೆಲಸ ನನಗೆ ಸುಲಭ ಆಗಿತ್ತು. ಎಷ್ಟೋ ವರ್ಷದಿಂದ ಅದರ ಮೇಲೆ ಏನೂ ಇರಲಿಲ್ಲ.

ಟವೆಲ್ಲಿನ ಕೆಳಗೆ ಅವನ ಕೈ ನನ್ನ ಕೈ ಹಿಡಿಯಿತು. ಎಳೆತ ಹೆಗಲ ತನಕ ಬಂದಾಗಷ್ಟೇ ಹಿಡಿದದ್ದು ತಿಳಿಯಿತು. ಎಷ್ಟು ಬೆರಳು? ಎರಡೋ, ನಾಲ್ಕೋ. ಗೆಣ್ಣು ಒತ್ತಿದನೋ ಇಲ್ಲವೋ. ದಲ್ಲಾಳಿ ನನ್ನ ಮುಖ ನೋಡುತ್ತಾ ಉತ್ತರಕ್ಕೆ ಕಾದ. ಊಹೆಯ ಮೇಲೆ ಹೂಂ ಅಂದರೆ ಜೋಡಿ ಕೈತಪ್ಪುತ್ತದೆ ಅಥವಾ ಮನೆ ಹೋಗುತ್ತದೆ. ಕೈ ಹೊರಗೆ ತೆಗೆದೆ.

ಮಾತಿನ ನಡುವೆ ಕೈ ತೆಗೆಯುವುದು ಅಂದರೆ ನಿನ್ನ ಜೊತೆ ವ್ಯವಹಾರ ಬೇಡ ಎಂದು ಮುಖಕ್ಕೆ ಹೇಳಿದ ಹಾಗೆ. ದಲ್ಲಾಳಿಯ ಕಣ್ಣು ಕೆಂಪಾಯಿತು.

"ಏನಪಾ, ನಮ್ಮ ಕೈ ಮೈಲಿಗಿ ಆತೇನು ಲಂಡನ್ ಸಾಹೇಬ್ರಿಗಿ?"

ಕಾಕಾ ನನ್ನ ಕೈಯನ್ನು ಬಿಸಿಲಿಗೆ ಹಿಡಿದು ನೋಡಿದ. ನಾನು ಅಂಗಿಯ ತೋಳು ಏರಿಸಿ, ಮುಂಗೈಯ ಒಳಭಾಗ ದಲ್ಲಾಳಿಯ ಮುಂದೆ ಚಾಚಿದೆ. "ಬೆರಳು ಸತ್ತಾವ್ರೀ," ಅಂದೆ. "ಇಲ್ಲಿ ಒತ್ತಿ ಹೇಳ್ರಿ. ಸಾವಿರ ಮ್ಯಾಲ, ನೂರು ಕೆಳಗ."

ಸುತ್ತಲಿನವರು ನಕ್ಕರು. "ತೋಳಿನ ಮ್ಯಾಲ ಎತ್ತು ಕೊಳ್ಳಾಕ ಬಂದಾನೋ!" ಎಂದು ಯಾರೋ ಕೂಗಿದರು. ದಲ್ಲಾಳಿ ನಗಲಿಲ್ಲ. ಟವೆಲ್ಲನ್ನು ನನ್ನ ಮೊಣಕೈ ತನಕ ಹೊದಿಸಿ, ಒಂದೊಂದೇ ಬೆರಳನ್ನು ಊರಿ ಒತ್ತಿದ. ಸ್ಪಷ್ಟವಾಗಿ ತಿಳಿಯಿತು. ಕಾಕಾನ ಮನಸ್ಸಿನಲ್ಲಿದ್ದ ಬೆಲೆಗಿಂತ ಎರಡು ಬೆರಳು ಕೆಳಗೆ ಇಳಿಸಿ ಜೋಡಿ ಬಿಡಿಸಿದೆ. ಇಷ್ಟಾದರೂ ಬರುತ್ತದೆ ನನಗೆ.

ಹಿಂದಿರುಗುವಾಗ ಎತ್ತುಗಳು ಮುಂದೆ, ನಾವು ಹಿಂದೆ. ಕಾಕಾ ಬೇವಿನ ಮರದ ಕೆಳಗೆ ನಿಂತು ನನ್ನ ಬಲಗೈ ತೆಗೆದುಕೊಂಡ. ಕಿರುಬೆರಳು ಹಿಡಿದು, "ಇದು?" ಅಂದ.

"ತಿಳೀತೈತಿ."

ಉಂಗುರ ಬೆರಳು. "ಇದು?"

"ಹೂಂ."

"ನೋಡಿ ಹೇಳಾಕತ್ತಿ. ಕಣ್ಣ ಮುಚ್ಚು."

ಮುಚ್ಚಿದೆ. ಎತ್ತುಗಳ ಕೊರಳ ಗಂಟೆ ದೂರವಾಗುತ್ತಿತ್ತು. ಗಿರಿಜಾ ಆ ಹೊತ್ತಿಗೆ ರೇನರ್ಸ್ ಲೇನಿನಲ್ಲಿ ಎದ್ದು, ತೋಳೇರಿಸಿ, ಮಗನಿಗೆ ನೀರು ಬೆರೆಸುತ್ತಿರಬಹುದು. ಕಾಕಾ ನನ್ನ ಬೆರಳು ಹಿಡಿದಿದ್ದಾನೋ, ಬಿಟ್ಟು ಎತ್ತಿನ ಹಿಂದೆ ಹೋಗಿಬಿಟ್ಟಿದ್ದಾನೋ ಕಣ್ಣು ತೆರೆಯದೆ ತಿಳಿಯುವ ಹಾಗಿರಲಿಲ್ಲ. ಸ್ವಲ್ಪ ಹೊತ್ತು ತೆರೆಯದೆ ನಿಂತೆ.